ಎರಡೂ ಕೈ ತುಂಬಿದ್ದಾಗ

ಶಿಕಾಗೋದಿಂದ ಡೆಟ್ರಾಯಿಟ್‌ಗೆ ಹೊರಟವರು ಪೂರ್ವಕ್ಕೆ ಮುಖ ಮಾಡುತ್ತಾರೆ. ಆ ಶನಿವಾರ ಬೆಳಿಗ್ಗೆ ನೀಲಗಂಗಾ ಕಾರನ್ನು ಮೊದಲು ಪಶ್ಚಿಮಕ್ಕೆ ತಿರುಗಿಸಿದಳು. ಎಲ್ಕ್ ಗ್ರೋವ್ ವಿಲೇಜ್‌ನ ಗೋದಾಮುಗಳ ಸಾಲಿನಲ್ಲಿ ಒಂದು ಕೊರಿಯರ್ ಆಫೀಸು. ಅವಳ ಹೆಸರಿಗೆ ಬಂದ ಸಣ್ಣ ಪೊಟ್ಟಣವೊಂದು ನಾಲ್ಕು ದಿನ ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡು, ಹಿಂದಿನ ಸಂಜೆಯಷ್ಟೇ ಅಲ್ಲಿಗೆ ಬಂದಿತ್ತು. ತಲೆಯ ಮೇಲೆ ಒಂದರ ಹಿಂದೊಂದು ವಿಮಾನ ಓಹೇರ್ ನಿಲ್ದಾಣಕ್ಕೆ ಇಳಿಯುತ್ತಿದ್ದವು. ಇಳಿಯುವ ವಿಮಾನ ಕಂಡರೆ ಅದು ಎಲ್ಲಿಂದ ಬಂತು, ಮುಂದೆ ಎಲ್ಲಿಗೆ ಹೋದೀತು ಎಂದು ಯೋಚಿಸುವುದು ಅವಳಿಗೆ ಮೂವತ್ತೈದು ವರ್ಷದ ಚಟ. ಇವತ್ತು ಆ ಕಡೆ ಕತ್ತೆತ್ತಲಿಲ್ಲ.

ಕೌಂಟರಿನ ಹೆಂಗಸು ಪೊಟ್ಟಣದ ಮೇಲಿನ ಚೀಟಿಯನ್ನು ಓದಿದಳು. ಅಲಂಕಾರದ ಕಲ್ಲು, ಒಂದು. ಬೆಳ್ಳಿಯ ಡಬ್ಬಿ, ಒಂದು. ಸರಿಯಾಗಿದೆಯೇ ಎಂದು ಕೇಳಿದಳು.

ಹಾಗೆಂದು ಬರೆದಿದೆ ಎಂದಳು ನೀಲಗಂಗಾ. ಸಹಿ ಹಾಕಿದಳು.

ಸುಳ್ಳಲ್ಲ, ನಿಜವೂ ಅಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನೇ ಉದ್ಯೋಗ ಮಾಡಿಕೊಂಡು ಬಂದವಳು ಅವಳು. ಶಿಕಾಗೋದಲ್ಲಿ ಬ್ರಿಟನ್ನಿನ ಕಾನ್ಸುಲ್ ಜನರಲ್. ಅದಕ್ಕೆ ಮುಂಚೆ ಬಾಲ್ಕನ್ ಕಡೆಯ ಪುಟ್ಟ ದೇಶವೊಂದರಲ್ಲಿ ರಾಯಭಾರಿ. ಅದಕ್ಕೂ ಮುಂಚೆ ನಿಕೋಸಿಯಾ, ಕಠ್ಮಂಡು, ಅಂಕಾರಾ, ಜಿನೀವಾ. ಮದುವೆಯೊಂದು ಜಿನೀವಾದಲ್ಲಿ ಶುರುವಾಗಿ ಅಂಕಾರಾದಲ್ಲಿ ಮುಗಿದಿತ್ತು. ಹನ್ನೊಂದು ಮನೆ ಬದಲಾಯಿಸಿದ್ದಳು. ಹನ್ನೊಂದರಲ್ಲಿಯೂ ಪರದೆಗಳು ಸರಕಾರದವು. ಇನ್ನು ಆರು ವಾರಕ್ಕೆ ನಿವೃತ್ತಿ. ಆಮೇಲೆ ಎಲ್ಲಿರುತ್ತೀರಿ ಎಂದು ಯಾರಾದರೂ ಕೇಳಿದರೆ, ಹಲವು ಸಾಧ್ಯತೆಗಳನ್ನು ಪರಿಶೀಲಿಸುತ್ತಿದ್ದೇನೆ ಎನ್ನುತ್ತಿದ್ದಳು. ಒಂದು ಸಾಧ್ಯತೆಯೂ ಇರಲಿಲ್ಲ. ಕಾಲಲ್ಲಿ ಚಕ್ರ ಇದ್ದವರಿಗೆ ನಿಲ್ಲುವುದೇ ಕಷ್ಟ.

ಕಾರಿನಲ್ಲಿ ಕುಳಿತು ಪೊಟ್ಟಣ ಬಿಚ್ಚಿದಳು. ಹೊಸ ಬೆಳ್ಳಿಯ ಕರಡಿಗೆ, ಅದಕ್ಕೊಂದು ಬಿಳಿಯ ಶಿವದಾರ, ಒಳಗೆ ಕಪ್ಪಗೆ ನುಣ್ಣಗಿದ್ದ ಲಿಂಗ. ರಟ್ಟಿನ ವಾಸನೆ, ಪ್ಲಾಸ್ಟಿಕ್ಕಿನ ವಾಸನೆ. ಗುರುವಿನ ಕೈ ಮುಟ್ಟಿರಲಿಲ್ಲ. ಕಿವಿಯಲ್ಲಿ ಮಂತ್ರ ಹೇಳಿ ಯಾರೂ ಅದನ್ನು ಅವಳ ಅಂಗೈಯಲ್ಲಿ ಇಟ್ಟಿರಲಿಲ್ಲ. ಬಾಗಲಕೋಟೆಯ ಅಂಗಡಿಯೊಂದರಿಂದ ಫೋನಿನಲ್ಲಿ ಬೆರಳೊತ್ತಿ ತರಿಸಿದ್ದು. ಅದನ್ನು ಕೈಚೀಲದ ಒಳಜೇಬಿಗೆ ಹಾಕಿ ಜಿಪ್ ಎಳೆದಳು. ಎಕ್ಸ್‌ಪ್ರೆಸ್‌ವೇ ಹತ್ತುವ ಮುಂಚೆ ಎರಡು ಸಲ ಆ ಜಿಪ್ಪನ್ನು ಮುಟ್ಟಿ ನೋಡಿದಳು.

ವಿಷಯ ಇಷ್ಟೇ. ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿರುವ ತಮ್ಮ ಈರೇಶನಿಗೆ ಮೊಮ್ಮಗಳು ಹುಟ್ಟಿದ್ದಳು. ಮರುದಿನ ಭಾನುವಾರ ಆ ಕೂಸಿಗೆ ಲಿಂಗಧಾರಣೆ. ಅವರ ಮನೆತನದಲ್ಲಿ ಒಂದು ಪದ್ಧತಿ. ಅಯ್ಯನವರು ಲಿಂಗವನ್ನು ಪೂಜಿಸಿ ಕೊಟ್ಟ ಮೇಲೆ ಮನೆಯ ಹಿರಿಯ ಮಗಳು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತನ್ನ ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು, ಕೂಸಿನ ಕೊರಳಿಗೆ ಶಿವದಾರ ಕಟ್ಟಬೇಕು. ನೀಲಗಂಗಾಳಿಗೆ ಕಟ್ಟಿದವಳು ಅವಳ ಸೋದರತ್ತೆ. ಈಗ ಈ ಮನೆಗೆ ಹಿರಿಯ ಮಗಳು ನೀಲಗಂಗಾ. ಅವಳ ಮೈಮೇಲೆ ಲಿಂಗವಿಲ್ಲದೆ ಇಪ್ಪತ್ತೆಂಟು ವರ್ಷ ಆಗಿತ್ತು. ಅದು ಅವಳೊಬ್ಬಳಿಗೇ ಗೊತ್ತಿತ್ತು.

ಅವಳ ತಂದೆ ಗುರುಶಾಂತಪ್ಪ ಗದಗಿನ ಕಡೆಯ ಕನ್ನಡ ಸಾಲೆಯ ಮಾಸ್ತರರಾಗಿದ್ದವರು. ಎರಡು ವರ್ಷದ ಮಗಳನ್ನೂ ಹೆಂಡತಿ ಗುರುದೇವಿಯನ್ನೂ ಕಟ್ಟಿಕೊಂಡು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ಗೆ ಹೋಗಿ ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಗೆ ಸೇರಿದರು. ಬೆಳಗಿನ ಪಾಳಿಗೆ ಹೊರಡುವ ಮುಂಚೆ, ಅಡುಗೆಮನೆಯ ಗ್ಯಾಸಿನ ಹೀಟರಿನ ಮುಂದೆ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿಸಿ, ದಿನಕ್ಕೊಂದು ವಚನ ಹೇಳಿಸುತ್ತಿದ್ದರು. ಅರ್ಥ ಹೇಳುತ್ತಿರಲಿಲ್ಲ. ಮೊದಲು ಕಿವಿ ತುಂಬಲಿ, ಅರ್ಥ ತನ್ನ ಕಾಲ ಮೇಲೆ ತಾನು ಬರುತ್ತದೆ ಎನ್ನುತ್ತಿದ್ದರು. ನೀಲಗಂಗಾಳಿಗೆ ಇಂದಿಗೂ ಸಭೆಗಳಲ್ಲಿ ಟಿಪ್ಪಣಿ ಬರೆದುಕೊಳ್ಳುವ ಅಭ್ಯಾಸವಿಲ್ಲ. ಎರಡು ತಾಸಿನ ಮಾತುಕತೆಯನ್ನು ಕೇಳಿ, ಹೊರಗೆ ಬಂದು, ಯಾರು ಯಾವ ಮಾತಿಗೆ ಉಸಿರು ತೆಗೆದುಕೊಂಡರು ಎಂಬುದರ ಸಮೇತ ಹೇಳಬಲ್ಲಳು. ಇದನ್ನು ಎಲ್ಲಿ ಕಲಿತಿರಿ ಎಂದು ಜಿನೀವಾದ ಹಿರಿಯ ಅಧಿಕಾರಿಯೊಬ್ಬರು ಕೇಳಿದ್ದರು. ಅಡುಗೆಮನೆಯಲ್ಲಿ ಎಂದಿದ್ದಳು. ಅವರು ನಕ್ಕಿದ್ದರು.

ಮಿಶಿಗನ್ ಸಿಟಿ ದಾಟಿದ ಮೇಲೆ ಕಾರಿನ ಗಡಿಯಾರ ತಾನೇ ಒಂದು ಗಂಟೆ ಮುಂದೆ ಹೋಯಿತು. ಕಲಮಜೂ ಹತ್ತಿರ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದಳು. ಕಾಫಿ ಕೊಂಡಳು, ಕುಡಿಯಲಿಲ್ಲ. ಮತ್ತೆ ಮೂವತ್ತು ಮೈಲಿಗೆ ಇನ್ನೊಂದು ಕಡೆ ನಿಲ್ಲಿಸಿ ಕಾರಿನ ಸುತ್ತ ನಡೆದಳು. ನಲವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿನ ಚಳಿಗಾಳಿ. ಅವಳ ತಲೆಯಲ್ಲಿ ನಾಳಿನ ಏರ್ಪಾಡು ಓಡುತ್ತಿತ್ತು. ಯಾರು ಎಲ್ಲಿ ಕೂರುವುದು, ಅವ್ವನ ಎಡಕ್ಕೋ ಬಲಕ್ಕೋ, ಕರಡಿಗೆ ಯಾವಾಗ ತೆರೆಯುವುದು, ಯಾವಾಗ ಮುಚ್ಚುವುದು. ದೊಡ್ಡ ದೊಡ್ಡ ಒಪ್ಪಂದಗಳ ಸಹಿ ಸಮಾರಂಭವನ್ನು ಹೀಗೆಯೇ ಹೆಜ್ಜೆ ಹೆಜ್ಜೆಗೆ ಹೊಂದಿಸಿದ್ದಳು. ಒಂದೇ ಒಂದು ತೊಡಕು. ಅವಳ ಹಳೆಯ ಕರಡಿಗೆಯ ಅಂಚಿನಲ್ಲಿ ಒಂದು ಹಲ್ಲಿನ ಗುರುತಿತ್ತು. ಹನ್ನೊಂದು ತಿಂಗಳ ಕೂಸಾಗಿದ್ದಾಗ, ಆಗಷ್ಟೇ ಮೂಡಿದ ಎರಡು ಹಲ್ಲಿನಿಂದ ಬೆಳ್ಳಿಯನ್ನು ಕಚ್ಚಿ ಕಚ್ಚಿ ತಗ್ಗು ಮಾಡಿದ್ದಳಂತೆ. ಈರೇಶನ ಮನೆಯಲ್ಲೇ ಇರುವ ಅವ್ವನಿಗೆ ಈಗ ಎಂಬತ್ತೈದು. ಕಣ್ಣು ಮಂಜು ಮಂಜು. ಆದರೆ ಹೆಬ್ಬೆರಳು ಮಂಜಾಗಿರಲಿಲ್ಲ.

ಹಳೆಯದು ಹೋದದ್ದು ಹೀಗೆ. ಅವಳಿಗೆ ಮೂವತ್ತೊಂದು ವರ್ಷ. ಆಫ್ರಿಕಾದ ಕರಾವಳಿಯ ರಾಜಧಾನಿಯೊಂದರಲ್ಲಿ ಕಿರಿಯ ಅಧಿಕಾರಿ. ದಂಗೆ ಎದ್ದು, ರಸ್ತೆ ರಸ್ತೆಗೆ ತಡೆ ಹಾಕಿದ ಬಂದೂಕಿನ ಹುಡುಗರು ಕೊರಳಲ್ಲಿ ಹೊಳೆಯುವುದನ್ನೆಲ್ಲ ಕಿತ್ತುಕೊಳ್ಳುತ್ತಿದ್ದರು. ಬೆಳ್ಳಿಯ ಕರಡಿಗೆಯನ್ನು ಬಿಚ್ಚಿ ಕಚೇರಿಯ ಉಕ್ಕಿನ ಕಪಾಟಿನ ಮೇಲಿನ ಹಲಗೆಯ ಮೇಲೆ ಇಟ್ಟಿದ್ದಳು. ಎರಡೇ ದಿನಕ್ಕೆ ಎಂದುಕೊಂಡಿದ್ದಳು. ಮೂರನೆಯ ದಿನ ಬೆಳಿಗ್ಗೆ ಹೆಲಿಕಾಪ್ಟರ್ ಬಂತು, ಇಪ್ಪತ್ತು ನಿಮಿಷದ ಗಡುವು. ಸುಡಲಾಗದೆ ಉಳಿದ ಗುಟ್ಟಿನ ಕಾಗದಗಳ ಪೆಟ್ಟಿಗೆಯೊಂದನ್ನು ಅವಳು ಎರಡೂ ಕೈಯಲ್ಲಿ ಎತ್ತಿಕೊಂಡು, ಗುಂಡಿನ ಸದ್ದಿನ ನಡುವೆ ಓಡಿ ದಾಟಿಸಿದಳು. ಆ ಪೆಟ್ಟಿಗೆಗಾಗಿ ಪದಕ ಬಂತು. ಪದಕದ ಹಿಂದೆ ಜಿನೀವಾ ಬಂತು. ಏಣಿಯ ಮೊದಲ ಮೆಟ್ಟಿಲು ಅದು. ಕಳೆದುಹೋದ ಸ್ವಂತ ವಸ್ತುಗಳ ಪಟ್ಟಿ ಕೊಡಿ ಎಂದು ಲಂಡನ್ನಿನಲ್ಲಿ ಫಾರಂ ಕೊಟ್ಟಾಗ ರೇಡಿಯೋ, ಇಸ್ತ್ರಿಪೆಟ್ಟಿಗೆ, ಇಳಕಲ್ ಸೀರೆ ಎರಡು ಎಂದು ಬರೆದಳು. ನಾಲ್ಕನೆಯ ಸಾಲಿನ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಗೆರೆ ಎಳೆದು ಸಹಿ ಹಾಕಿದಳು. ವರ್ಷದ ಮೇಲೆ ಕಚೇರಿ ಮತ್ತೆ ತೆರೆದಾಗ ಕಪಾಟು ಒಡೆದು ಖಾಲಿಯಾಗಿತ್ತೆಂದು ಕೇಳಿದಳು.

ಅಂದಿನಿಂದ ಪ್ರತಿ ಫೋನಿನ ಕೊನೆಗೆ ಅವ್ವ ಕೇಳುವ ಪ್ರಶ್ನೆ ಒಂದೇ: "ಲಿಂಗಾ ಮೈಮ್ಯಾಲ ಐತಿಲ್ಲ?"

ಮಗಳ ಉತ್ತರವೂ ಒಂದೇ: "ಭದ್ರ ಐತವ್ವ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇಪ್ಪತ್ತೆಂಟು ವರ್ಷ.

*

ಸೌತ್‌ಫೀಲ್ಡ್ ಮುಟ್ಟಿದಾಗ ನಾಲ್ಕು ಗಂಟೆ. ಈರೇಶ ಡ್ರೈವ್‌ವೇಯಲ್ಲಿಯೇ ನಿಂತಿದ್ದ. ಪಕ್ಕದೂರು ವಾರೆನ್ನಿನ ಕಾರು ಕಂಪನಿಯಲ್ಲಿ ಬ್ರೇಕು ಪರೀಕ್ಷಿಸುವ ಎಂಜಿನಿಯರು. ಯಾರ ಕಾರು ಬಂದರೂ ಮೊದಲು ಚಕ್ರದ ಕಡೆಗೆ ನೋಡುವವನು.

"ಏನಕ್ಕಾ, ಗಾಡೀಗೆ ಬಾವುಟಾನ ಇಲ್ಲಲ್ಲ. ನಾ ಬ್ಯಾಂಡ್ ಹೇಳಿಟ್ಟಿದ್ದೆ," ಎಂದ.

ಒಳಗೆ ಕೂಸು ಮಲಗಿತ್ತು. ಹೆಸರು ಸಿಯಾ. ಈರೇಶನ ಮಗ ಆಶ್ರಿತ್, ಸೊಸೆ ಮಾಳವಿಕಾ ಇಬ್ಬರೂ ನಿದ್ದೆಯಿಲ್ಲದ ಕಣ್ಣುಗಳಲ್ಲಿ ಬಂದು ಕಾಲು ಮುಟ್ಟಿದರು. ಅವ್ವ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಮಗಳ ಮುಖವನ್ನು ಎರಡೂ ಕೈಯಿಂದ ಸವರಿ, ಬಡಕಲಾಗಿದ್ದೀ ಎಂದಳು. ಕೈ ಕುತ್ತಿಗೆಯ ಕಡೆಗೆ ಇಳಿಯುವ ಮುಂಚೆ ನೀಲಗಂಗಾ ನೀರು ಕುಡಿದು ಬರುತ್ತೇನೆಂದು ಎದ್ದಳು.

ಸಂಜೆ ಅವಲಕ್ಕಿ ಮುಂದಿಟ್ಟುಕೊಂಡು ಎಲ್ಲರೂ ಕೂತರು. ಈರೇಶನ ಮಗಳು ಧೃತಿ, ಇಪ್ಪತ್ನಾಲ್ಕರ ಹುಡುಗಿ, ನರ್ಸಿಂಗ್ ಓದು ಮುಗಿಸಿ ಆಸ್ಪತ್ರೆ ಸೇರಿದ್ದವಳು, ಅತ್ತೆಯ ಕೆಲಸದ ಬಗ್ಗೆ ಕೆದಕಿದಳು. ಇಪ್ಪತ್ತು ದೇಶದ ರಾಯಭಾರಿಗಳು ಒಂದೇ ಊಟಕ್ಕೆ ಬಂದರೆ ಯಾರು ಮೊದಲು ಕೂರುವುದು? ದೊಡ್ಡ ದೇಶದವರೇ? ವಯಸ್ಸಾದವರೇ?

ಎರಡೂ ಅಲ್ಲ ಎಂದು ನೀಲಗಂಗಾ ಬಿಡಿಸಿ ಹೇಳಿದಳು. ಆ ಊರಿಗೆ ಬಂದು ಯಾರು ಮೊದಲು ತಮ್ಮ ಅಧಿಕಾರಪತ್ರ ಒಪ್ಪಿಸಿದರೋ ಅವರೇ ಹಿರಿಯರು. ಸಾಸಿವೆಯಷ್ಟು ದ್ವೀಪದವನಾದರೂ ಒಂದು ದಿನ ಮೊದಲು ಬಂದಿದ್ದರೆ ಸಾಮ್ರಾಜ್ಯದ ರಾಯಭಾರಿ ಅವನ ಹಿಂದೆ ನಡೆಯಬೇಕು. ಒಪ್ಪಿಸಿದ ಗಂಟೆ, ನಿಮಿಷ ಸಹ ಬರೆದಿಡುತ್ತಾರೆ.

"ಛಲೋ ಆತು. ಈ ಊರಿಗೆ ಮದಲ ಬಂದಾಂವ ನಾ. ನಾಳಿಂದ ನೀ ನನಗ ಅಣ್ಣಾ ಅನ್ನು," ಎಂದ ಈರೇಶ. ಧೃತಿಯ ಕಡೆ ತಿರುಗಿ, "ನಿಮ್ಮ ಅತ್ತೀನ ಊಟಾ ಮಾಡ್ತೀಯೇನು ಅಂತ ಕೇಳಿ ನೋಡು. ಆ ದಿಕ್ಕಿನಾಗ ಮಾತುಕತಿ ನಡದಾವು ಅಂತಾಳ," ಎಂದ.

ಎಲ್ಲರೂ ನಕ್ಕರು. ನೀಲಗಂಗಾಳೂ ನಕ್ಕಳು. ನಗುತ್ತಲೇ ಎದ್ದು ಅಡುಗೆಮನೆಗೆ ಹೋದಳು, ಅಲ್ಲಿಂದ ಹಿತ್ತಲಿನ ಮರದ ಡೆಕ್ಕಿಗೆ, ಡೆಕ್ಕಿನಿಂದ ಕಾರಿಗೆ. ಕೈಚೀಲ ಸೀಟಿನ ಕೆಳಗಿತ್ತು. ಜಿಪ್ ಮುಟ್ಟಿ ನೋಡಿ ಬಂದಳು. ಅಂದು ಮಲಗುವ ತನಕ ಅವ್ವ ಆ ಪ್ರಶ್ನೆ ಕೇಳಲಿಲ್ಲ. ಮಗಳು ಎದುರಿಗೇ ಇದ್ದಾಳಲ್ಲ, ಇನ್ನೇನು ಕೇಳುವುದು ಎಂದುಕೊಂಡಿದ್ದಳೇನೋ.

*

ಬೆಳಿಗ್ಗೆ ಏಳಕ್ಕೆ ಅವ್ವ ಪೂಜೆಗೆ ಕೂತಳು. ನೆಲದ ಮೇಲೆ ಕೂರಲು ಆಗದು. ಕುರ್ಚಿಯ ಮುಂದೆ ಸಣ್ಣ ಮೇಜು, ಅದರ ಮೇಲೆ ವಿಭೂತಿ, ನೀರಿನ ಬಟ್ಟಲು, ಹಿತ್ತಲಿನಲ್ಲಿ ಆಗಷ್ಟೇ ಅರಳಿದ ಹಳದಿ ಹೂವು ನಾಲ್ಕು. ಜಳಕ ಮುಗಿಸಿ ಸೀರೆಯುಟ್ಟು ನೀಲಗಂಗಾ ಪಕ್ಕದಲ್ಲಿ ಕೂತಳು. ಹೊಸ ಕರಡಿಗೆ ಸೆರಗಿನ ಒಳಗೆ ತಣ್ಣಗೆ ತಾಗುತ್ತಿತ್ತು. ಅವ್ವ ತನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ವಚನ ಹೇಳತೊಡಗಿದಳು. ಮೊದಲ ಸಾಲು ಕಿವಿಗೆ ಬಿದ್ದದ್ದೇ ತಡ, ನೀಲಗಂಗಾಳ ಬಾಯಿಂದ ಎರಡನೆಯ ಸಾಲು ತಾನಾಗಿ ಹೊರಟಿತು. ಮೂರನೆಯದು, ನಾಲ್ಕನೆಯದು. ನಲವತ್ತು ವರ್ಷ ಯಾರೂ ಮುಟ್ಟದ ಮಾತುಗಳು ಒಂದೂ ತಪ್ಪದೆ ಸಾಲಾಗಿ ಬಂದವು. ಗ್ಯಾಸ್ ಹೀಟರಿನ ಬಿಸಿ ಮೊಣಕಾಲಿಗೆ ತಾಗಿದಂತಾಯಿತು.

ಅವ್ವ ಕಣ್ಣುಮುಚ್ಚಿ ಕೇಳಿದಳು. ಮುಗಿದ ಮೇಲೆ ಬಲಗೈ ಚಾಚಿದಳು.

"ನೀಲವ್ವ, ನಿನ್ನ ಲಿಂಗಾ ಒಮ್ಮಿ ಇಲ್ಲೆ ಕೊಡು. ಆ ಹಲ್ಲಿನ ಗುರುತು ಮುಟ್ಟಿ ಭಾಳ ವರ್ಷಾತು. ಸಿಯಾನ ಅವ್ವಗೂ ತೋರಸ್ತೀನಿ."

ಅಷ್ಟರಲ್ಲಿ ಕರೆಗಂಟೆ ಆಯಿತು. ಅಯ್ಯನವರು ಬಂದರೇನೋ, ನೋಡಿ ಬರುತ್ತೇನೆ ಎಂದು ನೀಲಗಂಗಾ ಎದ್ದೇಬಿಟ್ಟಳು. ಇಂಥ ಗಂಟೆಗಳು ಅವಳನ್ನು ಜೀವನದಲ್ಲಿ ಎಷ್ಟೋ ಸಲ ಪಾರುಮಾಡಿದ್ದವು. ಎಂಥ ಇಕ್ಕಟ್ಟಿನ ಕೋಣೆಗೂ ಒಂದು ಬಾಗಿಲು ಇರುತ್ತದೆ. ಅದು ತೆರೆದ ಕ್ಷಣಕ್ಕೆ ಕಾದಿದ್ದು ಹೊರಬೀಳುವುದೇ ಆ ಉದ್ಯೋಗದ ಅರ್ಧ ವಿದ್ಯೆ. ಹೊಸ್ತಿಲ ತನಕ ಹೋದಳು. ಹಿಂದಿರುಗಿ ನೋಡಿದಳು. ಅವ್ವನ ಕೈ ಚಾಚಿದಂತೆಯೇ ಇತ್ತು, ಯಾವ ಅನುಮಾನವೂ ಇಲ್ಲದೆ.

ವಾಪಸು ಬಂದು ಕೂತಳು.

"ಅವ್ವ, ಆ ಊರಾಗ ಪರಿಸ್ಥಿತಿ ಕೈ ಮೀರಿತ್ತು," ಎಂದು ಶುರುಮಾಡಿದಳು. "ಕಚೇರಿ ಖಾಲಿ ಮಾಡೂ ಹೊತ್ತಿನಾಗ ಕೆಲವು ಸಾಮಾನು ಅಲ್ಲೇ ಉಳಿಯೂ ಹಂಗ ಆತು..."

"ಯಾವೂರು? ಏನ ಉಳೀತು? ಸುತ್ತಿ ಹೇಳಬ್ಯಾಡ ನೀಲವ್ವ, ನನಗ ತಿಳಿಯೂದಿಲ್ಲ."

ಮುಂದಿನ ಬಾಗಿಲಿನಲ್ಲಿ ಈರೇಶ ಯಾರನ್ನೋ ಬರಮಾಡಿಕೊಳ್ಳುವ ಸದ್ದು.

"ನನ್ನ ಲಿಂಗಾ ಇಲ್ಲವ್ವ. ಆಫ್ರಿಕಾದಾಗ ಇದ್ದೆನಲ್ಲ, ಅಲ್ಲೆ ಬಿಟ್ಟು ಬಂದೆ. ಎರಡೂ ಕೈಯಾಗ ಸರಕಾರದ ಕಾಗದದ ಪೆಟ್ಟಿಗಿ ಇತ್ತು. ಕಪಾಟಿನ ಬಾಗಲಾ ಮೊಣಕೈಲೆ ಮುಚ್ಚಿದೆ. ಮುಚ್ಚೂ ಮುಂದ ಕರಡಿಗಿ ಕಂಡಿತ್ತು ನನಗ. ಮರತು ಬಿಟ್ಟಿದ್ದಲ್ಲ. ಪೆಟ್ಟಿಗಿ ಕೆಳಗ ಇಡಬೇಕಾಗಿತ್ತು, ಇಡಲಿಲ್ಲ."

ಕಪಾಟಿನ ಆ ಅರೆಕ್ಷಣವನ್ನು ಅವಳು ತನಗೆ ತಾನೂ ಹೇಳಿಕೊಂಡಿರಲಿಲ್ಲ. ಹೇಳಿದ ಮೇಲೆ ಅದು ಎಷ್ಟು ಚಿಕ್ಕದಾಗಿತ್ತೆಂದು ಗಾಬರಿಯಾಯಿತು.

ಅವ್ವನ ಕೈ ನಿಧಾನವಾಗಿ ಹಿಂದಕ್ಕೆ ಸರಿಯಿತು.

"ಆ ಪೆಟ್ಟಿಗ್ಯಾಗ ಏನಿತ್ತು?"

ಎರಡು ತಾಸಿನ ಮಾತನ್ನು ಉಸಿರಿನ ಸಮೇತ ನೆನಪಿಡುವವಳು ಹುಡುಕಿದಳು. ಹಳದಿ ರಟ್ಟಿನ ಫೈಲುಗಳು, ಕೆಂಪು ಮುದ್ರೆ. ಅದರ ಆಚೆಗೆ ಏನೂ ಸಿಗಲಿಲ್ಲ.

"ನೆನಪಿಲ್ಲವ್ವ. ಹತ್ತು ವರ್ಷದ ಮ್ಯಾಲ ಅವನ್ನೂ ಹರದು ಹಾಕಿದರು."

ಅವ್ವನ ಹೆಬ್ಬೆರಳು ತನ್ನ ಕರಡಿಗೆಯ ಅಂಚನ್ನು ಸುತ್ತು ಹಾಕುತ್ತಿತ್ತು.

"ನಿಮ್ಮಪ್ಪ ಹೋಗೂ ಹಿಂದಿನ ದಿನಾ ಕೇಳಿದರು," ಎಂದಳು ಕೊನೆಗೆ. "ಹುಡುಗಿ ದೂರ ಅದಾಳ, ಲಿಂಗಾ ಐತೇನ ಮೈಮ್ಯಾಲ ಅಂತ. ಭದ್ರ ಐತ್ರಿ, ಮೊನ್ನೆ ಕೇಳೀನಿ ಅಂದೆ. ಸಮಾಧಾನಾತು ಅವರಿಗೆ. ನೀ ಹೇಳಿದ್ದನ್ನ ನಾ ಒಯ್ದು ಮುಟ್ಟಿಸಿದೆ, ನೀಲಾ."

ಬರೆದುಕೊಟ್ಟ ಮಾತನ್ನು ನಂಬಿ ಒಯ್ದು ಒಪ್ಪಿಸಿದವರು, ಆಮೇಲೆ ಅದು ಪೊಳ್ಳೆಂದು ತಿಳಿದಾಗ ಹೇಗಿರುತ್ತಾರೆ ಎಂದು ನೀಲಗಂಗಾಳಿಗೆ ಗೊತ್ತಿತ್ತು. ತಾನೂ ಒಂದೆರಡು ಸಲ ಹಾಗೆ ನಿಂತವಳೇ.

"ಸೆರಗಿನಾಗ ಏನೋ ಉಬ್ಬೇದಲ್ಲ, ಏನದು?" ಎಂದಳು ಅವ್ವ.

"ಅಂಗಡಿಯಿಂದ ತರಿಸಿದ್ದು."

"ಅದನ್ನ ಹಿಡದು ಕೂಸಿಗೆ ಕಟ್ಟಾಂವ ಇದ್ದೇನು?" ಎಂದಳು ಅವ್ವ. ಸಿಟ್ಟಿನಲ್ಲಿ ಮಗನಿಗೆ ಮಾತಾಡುವಂತೆ ಮಗಳಿಗೆ ಮಾತಾಡುವುದು ಅವಳ ಹಳೆಯ ರೂಢಿ. ನೀಲಗಂಗಾ ಹೌದೆಂದಳು. ಅವ್ವ ಮುಖ ಆ ಕಡೆ ತಿರುಗಿಸಿದಳು. "ಅಯ್ಯನವರಿಗೆ ನೀನ ಹೇಳು. ನಿನ್ನ ಮಾತು ಇನ್ನ ನಾ ಹೊರೂದಿಲ್ಲ."

*

ನಡುಮನೆಯಲ್ಲಿ ಇಪ್ಪತ್ತು ಜನ ಸೇರಿದ್ದರು. ಹೊರಗೆ ಚಪ್ಪಲಿ, ಶೂಗಳ ರಾಶಿ. ಚಂದ್ರಮೌಳಿ ಅಯ್ಯನವರು ಐಟಿ ಕಂಪನಿಯಿಂದ ನಿವೃತ್ತರಾದವರು. ಜಂಗಮರ ಮನೆತನ, ಹೀಗಾಗಿ ಮೆಟ್ರೋ ಡೆಟ್ರಾಯಿಟ್‌ನ ಮಂದಿ ಮದುವೆ, ಮನೆಶಾಂತಿ, ನಾಮಕರಣ ಎಲ್ಲಕ್ಕೂ ಅವರನ್ನೇ ಕರೆಯುತ್ತಾರೆ. ಫುಟ್‌ಬಾಲ್ ತಂಡದ ಟೊಪ್ಪಿಗೆ ತೆಗೆದು ಬದಿಗಿಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಮುಹೂರ್ತಕ್ಕೆ ಫೋನಿನಲ್ಲಿ ಅಲಾರಾಂ ಇಟ್ಟಿದ್ದರು. ಪೂಜೆ ಮುಗಿಸಿ, ಕೂಸಿನ ಲಿಂಗವನ್ನು ಕೈಯಲ್ಲಿ ಹಿಡಿದು ಕರೆದರು.

"ಮನೀ ಹಿರಿ ಮಗಳು ಬರ್ರಿ."

ಈರೇಶ ಫೋನೆತ್ತಿ ವಿಡಿಯೋ ಶುರುಮಾಡಿದ. ಗದಗಿನ ನೆಂಟರಿಗೆಲ್ಲ ಕಳಿಸುವುದಿತ್ತು. ಅಕ್ಕ ಬ್ರಿಟನ್ನಿನ ಕಾನ್ಸುಲ್ ಜನರಲ್ ಎಂದು ಅವನು ಆಗಲೇ ಅರ್ಧ ಜನಕ್ಕೆ ಎರಡೆರಡು ಸಲ ಹೇಳಿದ್ದ.

ನೀಲಗಂಗಾ ಎದ್ದು ನಿಂತಳು. ಸಾವಿರ ಜನರ ಮುಂದೆ ಮಾತಾಡಿದವಳಿಗೆ ಇಪ್ಪತ್ತು ಜನ ಹೆಚ್ಚಾಗಿ ಕಂಡರು.

"ಅಯ್ಯನವರ, ನನ್ನ ಮೈಮ್ಯಾಲ ಲಿಂಗಾ ಇಲ್ಲ," ಎಂದಳು. "ಇಪ್ಪತ್ತೆಂಟು ವರ್ಷದ ಹಿಂದ ನಾನ ಬಿಟ್ಟು ಬಂದೀನಿ. ಮನ್ಯಾಗ ಯಾರಿಗೂ ಹೇಳಿರಲಿಲ್ಲ. ಕೂಸಿಗೆ ನಾ ಕಟ್ಟಬಾರದು."

ಕೆಲವರು ಕಾರ್ಪೆಟ್ಟನ್ನು ನೋಡಿದರು. ಯಾರೋ ಕೆಮ್ಮಿದರು. ಈರೇಶನ ಫೋನು ಎದೆಯ ಮಟ್ಟಕ್ಕೆ ಇಳಿಯಿತು, ಮುಖ ಕೆಂಪಾಗಿತ್ತು. ಕೂಸು ಮಾತ್ರ ತನ್ನ ಮುಷ್ಟಿಯನ್ನು ಬಾಯಿಗೆ ತುರುಕಿಕೊಳ್ಳುವ ಕೆಲಸದಲ್ಲಿತ್ತು.

"ಧೃತಿ ಕಟ್ಟತಾಳ," ಎಂದಳು ಅವ್ವ ಕುರ್ಚಿಯಿಂದ. "ಅಕಿನೂ ಈ ಮನೀ ಮಗಳ."

"ಅಜ್ಜಿ, ನಾನಾ? ಆರ್ ಯೂ ಶ್ಯೂರ್?" ಎಂದು ಧೃತಿ ಅಪ್ಪನ ಮುಖ, ಅತ್ತೆಯ ಮುಖ ನೋಡಿದಳು. ಆಮೇಲೆ ಕುರ್ತಾದ ಒಳಗಿಂದ ಶಿವದಾರ ಎಳೆದಳು. ಬೆಳ್ಳಿ ಸವೆದು ಮಾಸಿದ ಕರಡಿಗೆ. ಆಸ್ಪತ್ರೆಯ ಹನ್ನೆರಡು ಗಂಟೆಯ ಪಾಳಿಯಲ್ಲಿಯೂ ಅದು ಅವಳ ಮೈಮೇಲೆಯೇ ಇರುತ್ತಿತ್ತೆಂದು ನೀಲಗಂಗಾಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅವಳನ್ನು ಯಾರೂ ಕೇಳಿಯೇ ಇರಲಿಲ್ಲ.

ಅಲಾರಾಂ ಬಡಿಯಿತು. ಅಯ್ಯನವರು ಅದನ್ನು ನಿಲ್ಲಿಸಿ ನೀಲಗಂಗಾಳತ್ತ ನೋಡಿದರು. ಕೊರಳಲ್ಲಿರುವುದು ಏನು ಎಂದು ಅವರೂ ಕೇಳಿದರು.

"ಕಲ್ಲ ರೀ. ಅಲಂಕಾರದ ಕಲ್ಲು ಅಂತ ಚೀಟಿಯಾಗ ಬರದಾರ."

"ಎಲ್ಲಾರದೂ ಮದಲ ಕಲ್ಲ ರೀ," ಎಂದರು ಚಂದ್ರಮೌಳಿ. "ಕಲ್ಲಿಂದೇನ ತಪ್ಪು ಅದ? ಜಳಕಾ ಆಗೇದಿಲ್ಲ ನಿಮ್ಮದು? ಹಿಂದ ಕೂಡ್ರಿ. ಕೂಸಿಂದು ಮುಗೀಲಿ, ಆಮ್ಯಾಲ ನಿಮಗೂ ದೀಕ್ಷಾ ಕೊಡೂಣು. ಅವ್ವಾರ ಹೂಂ ಅಂದ್ರ."

ಎಲ್ಲರೂ ಅವ್ವನ ಕಡೆ ತಿರುಗಿದರು. ಅವ್ವ ಹೂಂ ಎನ್ನಲಿಲ್ಲ. ಉಹೂಂ ಎಂದೂ ಅನ್ನಲಿಲ್ಲ. ಕೂಸಿನ ಹೊತ್ತು ಮೀರುತ್ತದೆ, ಮೊದಲು ಅದನ್ನು ನೋಡಿ ಎಂದಳು. ಎಂಬತ್ತೈದು ವರ್ಷದಲ್ಲಿ ಆಕೆ ಅಡ್ಡಗೋಡೆಯ ಮೇಲೆ ದೀಪ ಇಟ್ಟದ್ದು ಅದೇ ಮೊದಲು. ಅಯ್ಯನವರು ಅದನ್ನು ಒಪ್ಪಿಗೆಯೆಂದು ತಿಳಿದುಕೊಂಡರು.

ಧೃತಿ ಸಿಯಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗಂಟು ಹಾಕಿದಳು. ನೀಲಗಂಗಾ ಅವರ ಹಿಂದೆ ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊಣಕಾಲು ನೋಯುತ್ತಿತ್ತು. ಎದ್ದು ಎಲ್ಲಿಗಾದರೂ ಹೋಗಬೇಕೆಂದು ಮೈಯೆಲ್ಲ ತುಡಿಯುತ್ತಿತ್ತು: ಅಡುಗೆಮನೆ, ಡೆಕ್ಕು, ಕಾರು, ಹೆದ್ದಾರಿ. ಎದ್ದರೆ ಯಾರೂ ತಡೆಯುತ್ತಿರಲಿಲ್ಲ. ಕೂತಳು. ಸರದಿ ಬಂದಾಗ ಅಯ್ಯನವರು ಹಣೆಗೆ ವಿಭೂತಿ ಹಚ್ಚಿ, ಬಲಗಿವಿಯಲ್ಲಿ ಮೂರು ಸಲ ಮಂತ್ರ ಹೇಳಿ, ಕಲ್ಲನ್ನು ಅವಳ ಎಡ ಅಂಗೈಯಲ್ಲಿ ಇಟ್ಟರು. ಅವರ ಉಸಿರಿನಲ್ಲಿ ಯಾಲಕ್ಕಿಯ ವಾಸನೆಯಿತ್ತು. ಬಲಗೈ ತಾನಾಗಿ ಬಂದು ಎಡಗೈಯ ಕೆಳಗೆ ಆಸರೆ ಕೊಟ್ಟಿತು. ಎರಡೂ ಕೈ ತುಂಬಿದವು.

ಧೃತಿ ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದಳು. "ಅತ್ತಿ, ಹದಿನೆಂಟು ನಿಮಿಷ. ಸಿಯಾ ಈಸ್ ಸೀನಿಯರ್ ಟು ಯೂ."

*

ಊಟದ ಹೊತ್ತಿಗೆ ಜನ ಎಂದಿನಂತೆ ಮಾತಾಡಿದರು: ಮಕ್ಕಳ ಕಾಲೇಜು, ಬಡಾವಣೆಯ ಹೊಸ ನಿಯಮ, ಹೋಳಿಗೆಯ ಹೂರಣ. ಆ ವಿಷಯವನ್ನು ಯಾರೂ ಎತ್ತಲಿಲ್ಲ. ಅವ್ವ ಮಗಳೊಡನೆ ಮಾತಾಡಲಿಲ್ಲ. ಬಡಿಸಲು ಬಂದಾಗ ತಟ್ಟೆಯನ್ನು ಮಾತ್ರ ಸರಿಯಾಗಿ ಮುಂದಕ್ಕೆ ಚಾಚಿದಳು.

ಪಾತ್ರೆ ಒಳಗಿಡುವಾಗ ಈರೇಶ ಬಂದು ಪಕ್ಕದಲ್ಲಿ ನಿಂತ.

"ನನಗಾದರೂ ಹೇಳಬಾರದಿತ್ತೇನಕ್ಕಾ?"

"ಹೇಳಬೇಕಾಗಿತ್ತು."

ಅವನು ಇನ್ನೂ ಸ್ವಲ್ಪ ಹೊತ್ತು ನಿಂತ. ಅಕ್ಕನ ಮಾತಿಗೆ ಯಾವಾಗಲೂ ಒಂದು ಬಾಲವಿರುತ್ತದೆ, ಅದಕ್ಕೆ ಕಾದ. ಬರಲಿಲ್ಲ. ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ತಾನೇ ಒರೆಸಿದ. ಆಮೇಲೆ ಹೊರಗೆ ಹೋಗಿ ಅವಳ ಕಾರಿನ ಚಕ್ರಗಳಿಗೆ ಗಾಳಿ ನೋಡಿದ.

ಮೂರು ಗಂಟೆಗೆ ಹೊರಟಳು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸಭೆಯಿತ್ತು, ಬೀಳ್ಕೊಡುಗೆಯ ಊಟಗಳ ಪಟ್ಟಿಯಿತ್ತು, ಮುಂದೆ ಎಲ್ಲಿ ಎಂಬ ಪ್ರಶ್ನೆ ಹಾಗೆಯೇ ಇತ್ತು. ಅವ್ವ ಧೃತಿಯ ಕೈ ಹಿಡಿದು ಡ್ರೈವ್‌ವೇ ತನಕ ಬಂದಳು. ಅದೇ ದೊಡ್ಡದೆನಿಸಿತು ನೀಲಗಂಗಾಳಿಗೆ. ಕಾಲು ಮುಟ್ಟಿದಳು. ಅವ್ವ ತಲೆಯ ಮೇಲೆ ಕೈ ಇಟ್ಟು ತೆಗೆದಳು. ಗಾಡಿ ನಿಧಾನ ಹೊಡೆ ಎಂದಳು. ನಾಲ್ಕು ಹೋಳಿಗೆ ಕಟ್ಟಿಸಿದ್ದೇನೆ, ಹಿಂದಿನ ಸೀಟಿನಲ್ಲಿದೆ ಎಂದಳು. ಮಳೆ ಬರುವ ಹಾಗಿದೆ ಎಂದಳು. ಇಪ್ಪತ್ತೆಂಟು ವರ್ಷ ಪ್ರತಿ ಮಾತಿನ ಕೊನೆಗೆ ಕೇಳಿದ್ದನ್ನು ಮಾತ್ರ ಕೇಳಲಿಲ್ಲ.

ನೀಲಗಂಗಾ ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. ಬೆಲ್ಟು ಕರಡಿಗೆಯ ಮೇಲೆ ಒತ್ತಿತು. ಕಿಟಕಿ ಇಳಿಸಿದಳು. ಅವ್ವ ಇನ್ನೂ ಅಲ್ಲೇ ಇದ್ದಳು, ಇತ್ತ ಕಿವಿಗೊಟ್ಟು. ಆಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಇವಳು ಕಾದಳು. ಎಂಜಿನ್ ಸುಮ್ಮನೆ ಓಡುತ್ತಿತ್ತು. ಕೊನೆಗೆ ತಾಳಲಾರದೆ ತಾನೇ ಹೇಳಿದಳು.

"ಅವ್ವ, ಮೈಮ್ಯಾಲ ಐತಿ."

"ನಾ ಕೇಳಲಿಲ್ಲಲ್ಲ," ಎಂದಳು ಅವ್ವ.

ಆದರೂ ಕಾರಿನ ಸದ್ದು ತಿರುವಿನಲ್ಲಿ ಮರೆಯಾಗುವ ತನಕ ಒಳಗೆ ಹೋಗಲಿಲ್ಲ.